ಸುಮ್ಮನೆ ಆರು ಗಂಟೆ

ಹೋದ ತಿಂಗಳು ನಾರಾವಿ ಕಡೆಯ ಒಬ್ಬರು ಮೂಡುಬಿದಿರೆಯ ನನ್ನ ಅಂಗಡಿಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ಮಗಳು ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಇದನ್ನು ಕೊಟ್ಟು ಬೇರೆ ಕೊಳ್ಳಬೇಕು ಅಂದರು. ಹಳೆಯದನ್ನು ಬದಲಿಗೆ ತೆಗೆದುಕೊಳ್ಳುವ ಮೊದಲು ಅದರ ಹೊಟ್ಟೆ ಬಿಚ್ಚಿ ನೋಡುವುದು ನನ್ನ ಪದ್ಧತಿ. ಸ್ಕ್ರೂಗಳನ್ನು ತೆಗೆದು ಅಡಿಯ ಮುಚ್ಚಳ ಎತ್ತಿದೆ. ಒಳಬದಿಯಲ್ಲಿ ಬೆರಳಗಲದ ಒಂದು ಕಾಗದದ ಟೇಪು ಅಂಟಿಕೊಂಡಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು: ಎಂಬತ್ತು ಕಡಿಮೆ. ಸುಮ್ಮನೆ ಆರು ಗಂಟೆ.

"ಎಂತ ಬರ್ದದ್ದು ಅದು?" ಅಂತ ಅವರು ಬಗ್ಗಿ ನೋಡಿದರು.

"ಏನಿಲ್ಲ, ರಿಪೇರಿಯ ಗುರುತು" ಅಂದು ಮುಚ್ಚಳ ಹಾಕಿದೆ. ಅವರು ಹೇಳಿದ ದರಕ್ಕೇ ಮೆಷೀನು ತೆಗೆದುಕೊಂಡೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಹಾಗೆ ಮಾಡಿದ್ದು ಅದೇ ಮೊದಲು. ಅವರಿಗೇ ಸಂಶಯ ಬಂದಿರಬೇಕು, ಹೋಗುವಾಗ ಎರಡು ಸಲ ತಿರುಗಿ ನೋಡಿದರು...

ಮೆಷೀನಿನ ಒಳಗೆ ಹೀಗೆ ಟೇಪು ಅಂಟಿಸುವ ಪದ್ಧತಿ ಅಕ್ಕನದ್ದು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಮಡಂತ್ಯಾರಿನಲ್ಲಿ ನನ್ನ ಮೊದಲ ಅಂಗಡಿ ಇತ್ತಲ್ಲ, ಅದರ ಪಕ್ಕದ ಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಂಗಳೂರಿನಲ್ಲಿ ಇನ್ವರ್ಟರ್ ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಎಷ್ಟೋ ವರ್ಷ ದುಡಿದು, ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಮದುವೆಯಾಗಿರಲಿಲ್ಲ. ಆ ಕೋಣೆಯಲ್ಲಿ ಒಂದು ಉದ್ದದ ಮೇಜು, ಒಂದು ಭೂತಗನ್ನಡಿ, ಒಂದು ಟೇಬಲ್ ಫ್ಯಾನು, ಅಷ್ಟೇ. ಹೆಂಗಸೊಬ್ಬರು ಬೋರ್ಡು ಬಿಚ್ಚಿ ಬೆಸುಗೆ ಹಾಕುವುದನ್ನು ನೋಡಲು ಮೊದಮೊದಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. "ನೋಡ್ಲಿಕ್ಕೆ ಟಿಕೆಟ್ ಉಂಟು" ಅಂತ ಅಕ್ಕ ತಲೆ ಎತ್ತದೆ ಹೇಳುತ್ತಿದ್ದರು. ಆಮೇಲೆ ನೋಡಲು ಬಂದವರೇ ಗಿರಾಕಿಗಳಾದರು.

ನಾನು ಬಿ.ಸಿ. ರೋಡಿನ ಬಸ್ ನಿಲ್ದಾಣದ ಹತ್ತಿರ ಒಂದು ಬೆಂಚಿನ ಮೇಲೆ ಮೊಬೈಲಿನ ಕವರು ಮಾರುತ್ತಾ ಮೇಲೆ ಬಂದವನು. ಓದಿದ್ದು ಕಡಿಮೆ, ಮಾತು ಜಾಸ್ತಿ. ಮುಂಬೈಯ ಆಫೀಸುಗಳು ಹೊರಗೆ ಹಾಕಿದ ಹಳೆಯ ಲ್ಯಾಪ್‌ಟಾಪುಗಳನ್ನು ರಾಶಿ ಲೆಕ್ಕದಲ್ಲಿ ತಂದು, ಒರೆಸಿ, ಹೊಳಪು ಮಾಡಿ ಮಾರುವುದು ನನ್ನ ಕಸುಬು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಬುದ್ಧಿಮಾತು ಹೇಳುತ್ತೇನೆ, ಕೇಳಿ. ಅಂಗಡಿಯವನು ಚಾರ್ಜರ್ ಸಿಕ್ಕಿಸಿಟ್ಟು ತೋರಿಸಿದರೆ ನಂಬಬೇಡಿ. ಅದನ್ನು ಪೂರ್ತಿ ವೇಗದ ಸೆಟ್ಟಿಂಗಿನಲ್ಲಿ ಇಟ್ಟಿರುತ್ತಾನೆ. ಎಲ್ಲವೂ ಚಕಚಕ ತೆರೆಯುತ್ತದೆ. ಮನೆಗೆ ಹೋಗಿ ಚಾರ್ಜರ್ ತೆಗೆದ ಮೇಲೆ ಗೊತ್ತಾಗುತ್ತದೆ, ಬ್ಯಾಟರಿ ಒಂದು ಗಂಟೆಯೂ ಬರುವುದಿಲ್ಲ ಅಂತ. ಇದು ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಆ ಚಾಳಿಗೆ ನನ್ನನ್ನು ಮೊದಲು ಬೈದವರು ಅಕ್ಕ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲೇ. ಅವರ ಮಾತಿನ ಖಾರ ಕನ್ನಡಕ್ಕೆ ಬರುವಾಗ ಸ್ವಲ್ಪ ಕಡಿಮೆಯಾಗುತ್ತದೆ.

"ಸಾವ್ಕಾರ್ರೇ, ಆ ಮೆಷೀನನ್ನು ಯಾಕೆ ಹಾಗೆ ಓಡಿಸಿ ಸಾಯಿಸ್ತೀರಿ? ಅದಕ್ಕೆ ನಿಧಾನ ಹೋಗ್ಲಿಕ್ಕೂ ಗೊತ್ತುಂಟು."

ನನ್ನನ್ನು ಸಾವ್ಕಾರ್ರೇ ಎನ್ನುವುದು ಅವರ ಚೇಷ್ಟೆ. ಆಗ ನನ್ನ ಅಂಗಡಿಯಲ್ಲಿ ಕೂರಲು ಎರಡನೇ ಕುರ್ಚಿ ಇರಲಿಲ್ಲ.

ಪ್ರೊಸೆಸರ್ ಎಂಬುದು ಒಂದೇ ವೇಗದಲ್ಲಿ ಓಡುವ ವಸ್ತುವಲ್ಲ ಎಂದು ನನಗೆ ತಿಳಿಸಿಕೊಟ್ಟವರೂ ಅವರೇ. ನೀವು ಏನಾದರೂ ಕೆಲಸ ಕೊಟ್ಟಾಗ ಅದು ವೇಗ ಏರಿಸುತ್ತದೆ, ನೀವು ಓದುತ್ತಾ ಸುಮ್ಮನೆ ಕುಳಿತಾಗ ಇಳಿಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ. ಕೈಯಲ್ಲಿ ಹಿಡಿಯುವ ಮೊಬೈಲಿನಲ್ಲೂ ಇದೇ ಕಥೆ. ವೇಗ ಇಳಿದಾಗ ಅದಕ್ಕೆ ಹೋಗುವ ವೋಲ್ಟೇಜೂ ಜೊತೆಗೆ ಇಳಿಯುತ್ತದೆ. ನಿಜವಾದ ಉಳಿತಾಯ ಇರುವುದು ಅಲ್ಲಿ. ವೋಲ್ಟೇಜು ನೂರಕ್ಕೆ ಹತ್ತು ಪಾಲು ಇಳಿದರೆ ವಿದ್ಯುತ್ತಿನ ಖರ್ಚು ನೂರಕ್ಕೆ ಇಪ್ಪತ್ತು ಪಾಲಿನ ಹತ್ತಿರ ಇಳಿಯುತ್ತದೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜು ಎಂಬ ಪಟ್ಟಿಯನ್ನು ಕಂಪೆನಿಯವರೇ ಚಿಪ್ಪಿನೊಳಗೆ ಬರೆದಿಟ್ಟಿರುತ್ತಾರೆ.

"ಆದ್ರೆ ಅವರು ಸ್ವಲ್ಪ ಜಾಸ್ತಿಯೇ ಬರ್ದಿರ್ತಾರೆ" ಅಂತ ಅಕ್ಕ ಹೇಳಿದ್ದರು. "ಶಾಲೆಯ ಯೂನಿಫಾರಂ ಹೊಲಿಸುವಾಗ ಎಲ್ಲ ಮಕ್ಕಳಿಗೂ ಆಗ್ಲಿ ಅಂತ ಒಂದಿಂಚು ಜಾಸ್ತಿ ಇಡ್ತಾರಲ್ಲ, ಹಾಗೆ. ನಾನು ಅಳತೆ ತೆಗ್ದು ಆ ಒಂದಿಂಚು ಮಡಚ್ತೇನೆ. ಅಷ್ಟೇ ಮಾರಾಯ್ರೇ, ದೊಡ್ಡ ವಿದ್ಯೆ ಎಂತ ಇಲ್ಲ."

ವಿದ್ಯೆ ಇದ್ದದ್ದು ಆ ಅಳತೆ ತೆಗೆಯುವುದರಲ್ಲಿ. ಒಂದೇ ಕಂಪೆನಿಯ, ಒಂದೇ ಮಾದರಿಯ ಎರಡು ಮೆಷೀನುಗಳನ್ನು ಅಕ್ಕ ಎಂದೂ ಒಂದೇ ಅಳತೆಯಲ್ಲಿ ಬಿಟ್ಟವರಲ್ಲ. ಬೆಳಿಗ್ಗೆ ಬಂದವರು ಒಂದು ಮೆಷೀನಿನ ವೋಲ್ಟೇಜನ್ನು ಐದು ಮಿಲಿವೋಲ್ಟು ಇಳಿಸುವುದು, ಅದಕ್ಕೆ ಭಾರದ ಕೆಲಸ ಕೊಟ್ಟು ನೋಡುವುದು, ಮತ್ತೆ ಐದು ಇಳಿಸುವುದು. ಮಧ್ಯಾಹ್ನದ ಹೊತ್ತಿಗೆ ಒಂದು ಅಂದಾಜು ಸಿಗುತ್ತಿತ್ತು. ಅಷ್ಟಾದ ಮೇಲೆ ಪರದೆಯ ಮೇಲೆ ಒಂದು ಗಡಿಯಾರ ತೆರೆದಿಟ್ಟು, ಯಾವ ಕೆಲಸವನ್ನೂ ಕೊಡದೆ, ಆರು ಗಂಟೆ ಹಾಗೇ ಬಿಡುತ್ತಿದ್ದರು. ಗಡಿಯಾರದ ಸೆಕೆಂಡಿನ ಮುಳ್ಳು ಎಲ್ಲಾದರೂ ನಿಂತಿದ್ದರೆ ಮೆಷೀನು ನಿಂತಿದೆ ಎಂದರ್ಥ. ಆಗ ಐದು ಏರಿಸಿ ಮರುದಿನ ಮತ್ತೆ ಆರು ಗಂಟೆ. ಮುಳ್ಳು ನಿಲ್ಲದಿದ್ದರೆ ಮಾತ್ರ ಎಷ್ಟು ಮಿಲಿವೋಲ್ಟು ಕಡಿಮೆ ಅಂತ ಟೇಪಿನ ಮೇಲೆ ಬರೆದು ಒಳಗೆ ಅಂಟಿಸುವುದು.

ಮೇಜಿನ ಮೇಲೆ ಮೂರು ಲ್ಯಾಪ್‌ಟಾಪುಗಳು ಗಡಿಯಾರ ತೋರಿಸುತ್ತಾ ಸಾಲಾಗಿ ಕುಳಿತಿರುವುದನ್ನು ನೋಡಿ ನನಗೆ ನಗು.

"ಅಕ್ಕಾ, ಇವು ಎಂತ ತಪಸ್ಸಿಗೆ ಕೂತದ್ದಾ?"

"ಹೌದು. ನಿಮಗೆ ಐದು ನಿಮಿಷ ಬಾಯಿ ಮುಚ್ಚಿ ಕೂತ್ಕೊಳ್ಲಿಕ್ಕೆ ಆಗ್ತದಾ? ಆಗುದಿಲ್ಲ. ಇವಕ್ಕೆ ಆಗ್ತದಾ ಅಂತ ನೋಡ್ತಿದ್ದೇನೆ."

ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಅದು ಅವರ ಮಡಿ, ಅವರ ಹಟ ಅಂತ ಎಣಿಸಿದೆ. ಜನ ಅವಸರದಲ್ಲಿ ಕಾಯುತ್ತಿರುವಾಗ ಮೆಷೀನನ್ನು ಅರ್ಧ ದಿನ ಸುಮ್ಮನೆ ಕೂರಿಸುವುದು ನನ್ನ ವ್ಯಾಪಾರದ ಬುದ್ಧಿಗೆ ಹಿಡಿಸಲೇ ಇಲ್ಲ.

ಆಮೇಲೆ ಆನ್‌ಲೈನ್ ಕ್ಲಾಸುಗಳ ಕಾಲ ಬಂತು. ಗುಡ್ಡೆ ಹತ್ತಿದರೆ ಮಾತ್ರ ಸಿಗ್ನಲ್ಲು ಸಿಗುವ ಊರುಗಳಲ್ಲಿ ಮಕ್ಕಳು ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳುತ್ತಿದ್ದರು. ಗುಡ್ಡೆಯ ಮೇಲೆ ಪ್ಲಗ್ಗು ಎಲ್ಲಿಂದ ಬರಬೇಕು? ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ ಅಷ್ಟು ಹೊತ್ತು ಕ್ಲಾಸು. ಅಕ್ಕ ಕೈಯಾಡಿಸಿದ ಮೆಷೀನು ಬೇರೆಯವಕ್ಕಿಂತ ಒಂದು ಪೀರಿಯಡ್ಡು ಜಾಸ್ತಿ ಬರುತ್ತದೆ ಎಂಬ ಸುದ್ದಿ ಬೆಳ್ತಂಗಡಿಯವರೆಗೂ ಹಬ್ಬಿತು. ಒಬ್ಬರು ಮಾಸ್ಟ್ರು ನಾರಾವಿಯ ಆಚೆಯಿಂದ ಬೈಕಿನಲ್ಲಿ ಬಂದರು. ಊರಿನ ಇಪ್ಪತ್ತು ಮನೆಯವರು ಸೇರಿ ಇಪ್ಪತ್ತು ಲ್ಯಾಪ್‌ಟಾಪ್ ಕೊಳ್ಳುತ್ತಾರೆ, ಆದರೆ ಒಂದು ಷರತ್ತು ಅಂದರು.

"ಪ್ರತಿಯೊಂದನ್ನೂ ಪಕ್ಕದ ಅಕ್ಕನೇ ಸೆಟ್ ಮಾಡಿ ಕೊಡಬೇಕು. ಮುಂದಿನ ವಾರ ಮಕ್ಕಳಿಗೆ ಪರೀಕ್ಷೆ ಉಂಟು. ಐದು ದಿನದಲ್ಲಿ ಆಗ್ತದಾ?"

"ಯಾಕೆ ಆಗುದಿಲ್ಲ ಮಾಸ್ಟ್ರೇ, ಆಗ್ತದೆ" ಅಂದೆ. ಆಗುವುದಿಲ್ಲ ಎಂಬ ಮಾತನ್ನು ಗಿರಾಕಿಯ ಎದುರು ನಾನು ಇವತ್ತಿಗೂ ಆಡುವುದಿಲ್ಲ. ಅವರು ಊರಿನ ಪೋಷಕರ ವಾಟ್ಸ್ಯಾಪ್ ಗುಂಪಿಗೆ ನನ್ನನ್ನೂ ಸೇರಿಸಿಕೊಂಡು ಹೊರಟರು.

ಅಕ್ಕ ಬೆರಳು ಮಡಚಿ ಎಣಿಸಿ, "ಇಪ್ಪತ್ತು ದಿನ ಬೇಕು" ಅಂದರು.

"ಐದು ದಿನ ಉಂಟು ಅಕ್ಕ."

"ಹಾಗಾದ್ರೆ ಐದೋ ಆರೋ ಆಗ್ತದೆ. ಉಳಿದದ್ದನ್ನು ಹಾಗೇ ಕೊಡಿ, ಪರೀಕ್ಷೆ ಮುಗಿದ ಮೇಲೆ ತರ್ಲಿಕ್ಕೆ ಹೇಳಿ. ಕಂಪೆನಿ ಕೊಟ್ಟ ಹಾಗೇ ಇದ್ರೆ ಬ್ಯಾಟರಿ ಸ್ವಲ್ಪ ಕಡಿಮೆ ಬರಬಹುದು, ಮೆಷೀನು ನಿಲ್ಲುದಿಲ್ಲ."

ಎಷ್ಟು ಸುಲಭದ ದಾರಿ ಹೇಳಿದ್ದರು ನೋಡಿ... ಮಾಸ್ಟ್ರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಕೊಟ್ಟ ಮಾತು ತಪ್ಪಿದರೆ ಆರ್ಡರು ಬೇರೆಯವರಿಗೆ ಹೋದೀತು ಎಂಬ ಭಯ ನನಗೆ.

ಐದು ದಿನದಲ್ಲಿ ಅಕ್ಕ ಐದು ಮೆಷೀನು ಮುಗಿಸಿ ಕೊಟ್ಟರು. ಐದರ ಟೇಪನ್ನೂ ನಾನು ಓದಿದೆ. ಎಪ್ಪತ್ತು, ಎಂಬತ್ತೈದು, ಅರವತ್ತೈದು, ನೂರು, ಎಂಬತ್ತು. ಒಂದು ಅರವತ್ತೈದಕ್ಕಿಂತ ಕೆಳಗೆ ಬಗ್ಗುವುದಿಲ್ಲ, ಇನ್ನೊಂದು ನೂರಕ್ಕೂ ಒಪ್ಪುತ್ತದೆ. ಚೌಕಾಸಿ ಮಾಡಿ ಬೆಳೆದವನಿಗೆ ಅಂಥ ಕಡೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ಅವನೊಂದು ಹೇಳುತ್ತಾನೆ, ನಾವೊಂದು ಹೇಳುತ್ತೇವೆ, ಕೊನೆಗೆ ನಡುವಿನದ್ದಕ್ಕೆ ಕೈ ಕುಲುಕುತ್ತೇವೆ. ಎಂಬತ್ತು! ಉಳಿದ ಹದಿನೈದು ಮೆಷೀನಿಗೂ ಎಂಬತ್ತು ಹಾಕಿದೆ. ಒಂದೊಂದನ್ನೂ ಹತ್ತು ನಿಮಿಷ ಜೋರಾಗಿ ಓಡಿಸಿದೆ. ಒಂದೂ ನಿಲ್ಲಲಿಲ್ಲ. ಅಕ್ಕ ಇಪ್ಪತ್ತು ದಿನ ಬೇಕು ಅಂದದ್ದನ್ನು ಒಂದು ಬೆಳಗಿನಲ್ಲಿ ಮುಗಿಸಿದೆ ಅಂತ ನನಗೆ ಹೆಮ್ಮೆಯೇ ಆಯಿತು.

ಇನ್ನೊಂದು ಕೆಲಸವನ್ನೂ ಮಾಡಿದೆ. ಮಾಸ್ಟ್ರು ಮುಚ್ಚಳ ತೆಗೆದು ನೋಡುವ ಜಾತಿಯವರು. ಅಕ್ಕನ ಟೇಪು ಕಾಣದಿದ್ದರೆ ಕೇಳುತ್ತಾರೆ. ಸ್ಟೇಷನರಿ ಅಂಗಡಿಯಿಂದ ಅಂಥದ್ದೇ ಕಾಗದದ ಟೇಪು ತಂದು, ನೀಲಿ ಪೆನ್ನಿನಲ್ಲಿ, ಅವರ ದುಂಡು ಅಕ್ಷರದ ಹಾಗೆ ಹದಿನೈದು ಸಲ ಬರೆದೆ. ಎಂಬತ್ತು ಕಡಿಮೆ, ಸುಮ್ಮನೆ ಆರು ಗಂಟೆ. ಹೋದ ತಿಂಗಳು ನನ್ನ ಕಣ್ಣೆದುರು ಬಂದ ಟೇಪು ಆ ಹದಿನೈದರಲ್ಲಿ ಒಂದು. ಅಕ್ಷರ ನನ್ನದು.

ಮಾಸ್ಟ್ರು ಬಂದು ಎರಡು ಮುಚ್ಚಳ ತೆಗೆಸಿಯೇ ನೋಡಿದರು. "ಎಲ್ಲ ಅಕ್ಕನೇ ಮಾಡಿದ್ದಲ್ವಾ?" ಅಂತ ಕೇಳಿದರು. "ಮತ್ತೆ ಯಾರು ಮಾಡ್ಲಿಕ್ಕುಂಟು?" ಅಂದೆ.

ಪರೀಕ್ಷೆಯ ಎರಡನೇ ದಿನ ಅವರು ರಿಕ್ಷಾದಲ್ಲಿ ನಾಲ್ಕು ಲ್ಯಾಪ್‌ಟಾಪ್ ಹೇರಿಕೊಂಡು ಬಂದರು. ಮುಖ ಕೆಂಪಾಗಿತ್ತು. ನಾಲ್ಕು ಮಕ್ಕಳ ಮೆಷೀನು ಪರೀಕ್ಷೆಯ ನಡುವೆ ನಿಂತಿತ್ತು. ಬರೆಯುವಾಗ ನಿಂತದ್ದಲ್ಲ. ಪ್ರಶ್ನೆ ಓದಿ, ಕೈ ಕಟ್ಟಿ ಯೋಚಿಸುತ್ತಾ ಕುಳಿತಿದ್ದಾಗ ಪರದೆ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಎರಡು ವಾರ ಕಳೆದು ಮಾಸ್ಟ್ರು ಓಡಾಡಿ ಆ ಮಕ್ಕಳಿಗೆ ಮರುಪರೀಕ್ಷೆ ಕೊಡಿಸಿದರು, ಅದು ಬೇರೆ ಮಾತು. ಅವತ್ತು ಮಾತ್ರ ಅವರು ನನ್ನ ಅಂಗಡಿಯ ಎದುರು ನಿಂತು, ಇಡೀ ಮಡಂತ್ಯಾರಿಗೆ ಕೇಳುವ ಹಾಗೆ, "ಮಕ್ಕಳ ಜೀವನದ ಜೊತೆ ಆಟ ಆಡ್ತೀರಾ?" ಅಂದರು.

ನನ್ನ ಬಾಯಿಂದ ಬಂದ ಮಾತು ಇದು: "ಮೆಷೀನು ಒಳ್ಳೆಯದೇ ಮಾಸ್ಟ್ರೇ. ಸೆಟ್ಟಿಂಗು ಅಕ್ಕನದ್ದು. ಬನ್ನಿ, ಕೇಳುವ."

ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಒಂದರ ಮುಚ್ಚಳ ತೆಗೆದು ಟೇಪು ನೋಡಿದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಕೊನೆಯ ಟೇಪಿನ ಮೇಲೆ ಹೆಬ್ಬೆರಳಿಟ್ಟು ಅಕ್ಷರ ನೋಡಿದರು. ಆಮೇಲೆ ತಲೆ ಎತ್ತಿದರು. ಮಾಸ್ಟ್ರ ಕಡೆ ಅಲ್ಲ, ನನ್ನ ಕಡೆ.

"ನಾಲ್ಕಕ್ಕೂ ಎಂಬತ್ತಾ?"

ಅಷ್ಟೇ ಕೇಳಿದ್ದು. ಕೇಳಿ ಕಾದರು. ನಾನು ಹೇಳಲಿ ಅಂತ ಕಾದರು, ಅದು ನನಗೆ ಆ ಹೊತ್ತಿಗೇ ಗೊತ್ತಿತ್ತು. ರಸ್ತೆಯಲ್ಲಿ ಬೆಳ್ತಂಗಡಿ ಬಸ್ಸು ಬಂದು ನಿಂತಿತ್ತು. ನಾನು ಅದನ್ನು ನೋಡುತ್ತಾ ನಿಂತೆ. ಆ ಬಸ್ಸಿನಿಂದ ಯಾರು ಇಳಿದರು, ಯಾರು ಹತ್ತಿದರು, ಇವತ್ತಿಗೂ ಬರೆದು ತೋರಿಸಬಲ್ಲೆ...

"ನನ್ನದೇ ತಪ್ಪು" ಅಂದರು ಮಾಸ್ಟ್ರು. "ಹೆಂಗಸಿನ ಕೈಗೆ ಕೊಡ್ಲೇಬಾರ್ದಿತ್ತು."

ಅಕ್ಕ ನಾಲ್ಕೂ ಮುಚ್ಚಳಗಳನ್ನು ಮತ್ತೆ ಹಾಕಿದರು. "ಬಿಟ್ಟು ಹೋಗಿ ಮಾಸ್ಟ್ರೇ. ಸರಿ ಮಾಡಿ ಕೊಡ್ತೇನೆ. ಉಳಿದದ್ದನ್ನೂ ಕಳ್ಸಿ" ಅಂದರು, ಅಷ್ಟೇ.

ಅವತ್ತು ಸಂಜೆ ಪೋಷಕರ ಗುಂಪಿನಲ್ಲಿ ಮಾಸ್ಟ್ರು ಬರೆದರು, ಮಡಂತ್ಯಾರಿನ ಆ ರಿಪೇರಿ ಹೆಂಗಸಿನ ಹತ್ತಿರ ಇನ್ನು ಯಾರೂ ಮೆಷೀನು ಕೊಡಬೇಡಿ ಅಂತ. ಅದನ್ನು ಜನ ತಮ್ಮ ತಮ್ಮ ಬೇರೆ ಗುಂಪುಗಳಿಗೆ ಕಳುಹಿಸಿದರು. ನಾನೂ ಓದಿದೆ. ಓದಿದೆ ಎಂಬ ನೀಲಿ ಗುರುತು ಅಲ್ಲಿ ಬಿದ್ದಿರುತ್ತದೆ.

ನಾಲ್ಕು ದಿನ ಕಳೆದು ಅಕ್ಕನ ಬಾಗಿಲಿಗೆ ಹೋದೆ. ಆ ನಾಲ್ಕು ಮೆಷೀನುಗಳು ಗಡಿಯಾರ ತೋರಿಸುತ್ತಾ ಕುಳಿತಿದ್ದವು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅಕ್ಕ ಕೇಳಿಸಿಕೊಂಡರು. ನನಗೆ ಅರ್ಥವಾಗದೆ ಉಳಿದದ್ದು ಒಂದೇ.

"ಹತ್ತು ನಿಮಿಷ ಜೋರು ಓಡಿಸಿ ನೋಡಿದ್ದೇನೆ ಅಕ್ಕ. ಆಗ ನಿಲ್ಲದ್ದು ಸುಮ್ಮನಿದ್ದಾಗ ಯಾಕೆ ನಿಂತದ್ದು?"

"ನಿಮ್ಮ ಮನೆಯಲ್ಲಿ ಗ್ಯಾಸ್ ಒಲೆ ಉಂಟಾ?"

"ಉಂಟು."

"ಕಿಟಕಿಯಿಂದ ಗಾಳಿ ಬಂದ್ರೆ ಯಾವ ಬೆಂಕಿ ಆರ್ತದೆ? ಜೋರು ಇಟ್ಟದ್ದಾ, ಸಿಮ್ಮಿನಲ್ಲಿ ಇಟ್ಟದ್ದಾ?"

"ಸಿಮ್ಮಿನಲ್ಲಿ ಇಟ್ಟದ್ದು."

"ಕೆಲಸ ಇಲ್ಲದಾಗ ಅದು ತಾನೇ ವೋಲ್ಟೇಜನ್ನು ತಳಕ್ಕೆ ಇಳಿಸಿಕೊಂಡಿರ್ತದೆ. ಅಲ್ಲಿಂದ ನೀವು ಮತ್ತೂ ಎಂಬತ್ತು ಕಿತ್ಕೊಂಡ್ರಿ. ಓಡುವಾಗ ಹೇಗೋ ತಡ್ಕೊಳ್ತದೆ. ಸುಮ್ಮನೆ ಕೂತಲ್ಲಿಂದ ಏಳುವಾಗ ಬೀಳ್ತದೆ. ಕೆಲವಕ್ಕೆ ತಾಕತ್ತು ಉಂಟು, ಏನೂ ಆಗುದಿಲ್ಲ. ಕೆಲವಕ್ಕೆ ಇಲ್ಲ. ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ ಅಂತ ಹೊರಗಿಂದ ಗೊತ್ತಾಗುದಿಲ್ಲ. ಅದಕ್ಕೇ ಆರು ಗಂಟೆ."

ಆಮೇಲೆ ಅಕ್ಕ ಕೇಳಿದರು, "ನನ್ನ ಹತ್ರ ಹೇಳಿದ್ದು ಆಯ್ತು. ಮಾಸ್ಟ್ರ ಹತ್ರ ಹೇಳ್ತೀರಾ?"

"ಹೇಳುವ ಅಕ್ಕ. ಅವರು ಸ್ವಲ್ಪ ತಣ್ಣಗಾಗ್ಲಿ."

"ನನಗೆ ಬೇರೆ ಎಂತದೂ ಇಲ್ಲ ಸಾವ್ಕಾರ್ರೇ. ಗಂಡಸರಿಗಾದ್ರೆ ಒಂದು ತಪ್ಪು ಆದ್ರೆ ತಪ್ಪು ಅಂತಾರೆ. ನನಗೆ ಹಾಗಲ್ಲ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿ ನೋಡಿ ಜನ ಒಪ್ಪಿದ್ದು. ಅದಷ್ಟೇ ಇರುದು ನನ್ನ ಹತ್ರ."

ಹೇಳುವ, ಹೇಳುವ ಅಂದೆ. ಹೇಳಲಿಲ್ಲ. ಆ ದಿನಗಳಲ್ಲಿ ಮೂಡುಬಿದಿರೆಯಲ್ಲಿ ದೊಡ್ಡ ಅಂಗಡಿಗೆ ಮಾತುಕತೆ ನಡೆಯುತ್ತಿತ್ತು. ಒಂದು ದೊಡ್ಡ ಆರ್ಡರೂ ಕೈಯಳತೆಯಲ್ಲಿತ್ತು. ಸುಳ್ಳು ಟೇಪು ಅಂಟಿಸಿದವನು ಎಂದು ಹೆಸರಾದರೆ ಎರಡೂ ಹೋಗುತ್ತಿದ್ದವು. ಅಕ್ಕನಿಗೆ ಕೈಯಲ್ಲಿ ವಿದ್ಯೆ ಉಂಟು, ಹೇಗೂ ಬದುಕುತ್ತಾರೆ; ನನಗೆ ಬಾಯಿ ಬಿಟ್ಟರೆ ಬೇರೇನಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನೊಬ್ಬರ ನಷ್ಟವನ್ನು ಸಣ್ಣದು ಮಾಡಿ ನೋಡುವ ಚಾಕಚಕ್ಯ ನಮ್ಮ ಕಸುಬಿನವರಿಗೆ ಬೇಗ ಬರುತ್ತದೆ.

ಉಳಿದ ಹನ್ನೊಂದು ಮನೆಯವರಲ್ಲಿ ಮೂವರೋ ನಾಲ್ವರೋ ಮೆಷೀನು ಕಳುಹಿಸಿದರು. ಅಕ್ಕ ಅವನ್ನು ಬಿಡಿಗಾಸು ಕೇಳದೆ ಸರಿ ಮಾಡಿ ಕೊಟ್ಟರು. ಬಾಕಿಯವರು ಆ ಕೈಗೆ ಇನ್ನು ಕೊಡುವುದಿಲ್ಲ ಅಂದರು. ಅವರ ಅದೃಷ್ಟಕ್ಕೆ ಆ ಮೆಷೀನುಗಳು ಎಂಬತ್ತನ್ನು ತಡೆದುಕೊಂಡವು. ಅಕ್ಕನ ಮೇಜು ಮಾತ್ರ ದಿನದಿನಕ್ಕೆ ಖಾಲಿಯಾಯಿತು. ಮೊದಲು ನಾರಾವಿ ಕಡೆಯವರು ನಿಂತರು, ಆಮೇಲೆ ಬೆಳ್ತಂಗಡಿಯವರು. ಕೊನೆಗೆ ಮಡಂತ್ಯಾರಿನವರೇ ಚಾರ್ಜರಿನ ವಯರು ಜೋಡಿಸಲಿಕ್ಕೂ ಬಂಟ್ವಾಳಕ್ಕೆ ಹೋಗುವಂತಾಯಿತು. ನಾನು ಮೂಡುಬಿದಿರೆಗೆ ಸಾಮಾನು ಸಾಗಿಸಿದ ವರ್ಷವೇ ಅಕ್ಕ ಕೋಣೆ ಖಾಲಿ ಮಾಡಿ ಅಳದಂಗಡಿಯ ಹತ್ತಿರ ತನ್ನ ಅಕ್ಕನ ಮನೆಗೆ ಹೋದರು. ಬೀಡಿ ಕಟ್ಟುತ್ತಾರೆ ಎಂದು ಯಾರೋ ಹೇಳಿದರು. ಐದು ಮಿಲಿವೋಲ್ಟು ಎಂದರೆ ಎಷ್ಟು ಅಂತ ಕೈಯಲ್ಲೇ ತಿಳಿಯುತ್ತಿದ್ದ ಆ ಬೆರಳು...

ಒಮ್ಮೆ ಗುರುವಾಯನಕೆರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಕೈಯಲ್ಲಿ ಕಟ್ಟಿದ ಬೀಡಿಯ ಚೀಲ. ನಾನು ಕಾರು ನಿಲ್ಲಿಸಿ ಇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ಎಂತ ಸಾವ್ಕಾರ್ರೇ, ತಣ್ಣಗಾಯ್ತಾ?"

ಅವರು ಕೇಳಿದ್ದು ಮಾಸ್ಟ್ರ ವಿಷಯ. ನಾನು ಅರ್ಥವಾಗದವನ ಹಾಗೆ ನಕ್ಕೆ. "ಬನ್ನಿ ಅಕ್ಕ, ಬಿಡ್ತೇನೆ" ಅಂದೆ. ಬಸ್ಸು ಉಂಟು ಅಂದರು. ಅದೇ ಕೊನೆ.

ಹೋದ ತಿಂಗಳು ಆ ಟೇಪು ನೋಡಿದ ಮೂರನೇ ದಿನ ಅಂಗಡಿ ಮುಚ್ಚಿ ಅಳದಂಗಡಿಗೆ ಹೋದೆ. ಈ ಸಲ ಹೇಳಿಯೇ ಬಿಡುವುದು, ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಮಾಸ್ಟ್ರ ಮನೆಗೆ ಹೋಗಿ ಅವರೆದುರೇ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮನೆಯ ಜಗಲಿಯಲ್ಲಿ ಅವರ ಅಕ್ಕ ಬೀಡಿ ಎಲೆ ಕತ್ತರಿಸುತ್ತಾ ಕುಳಿತಿದ್ದರು. ತಂಗಿ ಇದ್ದಾರಾ ಅಂತ ಕೇಳಿದೆ.

"ಅವಳು ಹೋದ ವರ್ಷದ ಆಟಿ ತಿಂಗಳಲ್ಲಿ, ಜೋರು ಮಳೆಗೆ, ತೀರಿ ಹೋದಳು" ಅಂದರು. "ಎದೆ ನೋವು ಅಂದಳು. ಬೆಳ್ತಂಗಡಿಗೆ ಮುಟ್ಟುವ ಮೊದಲೇ..."

ಜಗಲಿಯ ತುದಿಯಲ್ಲಿ ಕುಳಿತೆ. ನನ್ನ ಹೆಸರು ಹೇಳಿದಾಗ ಅವರ ಮುಖ ಅರಳಿತು. "ನೀವು ಮೂಡುಬಿದಿರೆಯ ಅಂಗಡಿಯವರಾ? ನಿಮ್ಮ ಬಗ್ಗೆ ಹೇಳ್ತಿದ್ದಳು."

"ಎಂತ ಹೇಳ್ತಿದ್ರು?"

"ಮಾತಿನಲ್ಲಿ ಕಲ್ಲನ್ನೂ ಮಾರ್ತಾರೆ ಅಂತ."

"ಮತ್ತೆ?"

"ಮತ್ತೆ ಎಂತ ಇಲ್ಲ."

ನಾನು ಎಲ್ಲವನ್ನೂ ಹೇಳಿದೆ. ಹದಿನೈದು ಮೆಷೀನು, ಹದಿನೈದು ಟೇಪು, ಬಾಗಿಲಲ್ಲಿ ನಾನು ನಿಂತ ರೀತಿ. ಅವರ ಕತ್ತರಿ ನಡುವೆ ಒಮ್ಮೆ ನಿಂತಿತು. ಮುಗಿದ ಮೇ‌ಲೆ ಅವರು ಮತ್ತೆ ಎಲೆಗೆ ಕೈ ಹಾಕಿದರು.

"ನನ್ನ ಹತ್ರ ಯಾಕೆ ಹೇಳ್ತೀರಿ? ನಾನು ಅವಳ ಕೆಲಸದ ಮೇಲೆ ಸಂಶಯ ಮಾಡಿದವಳಲ್ಲ. ಮಾಡಿದವರ ಹತ್ರ ಹೇಳಿ."

ಅಲ್ಲಿಂದ ಅದೇ ರಸ್ತೆಯಲ್ಲಿ ನಾರಾವಿಯ ಕಡೆ ಹೋದೆ. ಮಾಸ್ಟ್ರು ಈಗ ನಿವೃತ್ತರು. ನನ್ನನ್ನು ನೋಡಿ ಬಹಳ ಸಂತೋಷಪಟ್ಟರು, ಚಾ ಮಾಡಿಸಿದರು. ನಾನು ಲೋಟ ಮುಟ್ಟದೆ ಹೇಳಿದೆ. ಜೀವನದಲ್ಲಿ ಅಷ್ಟು ನೇರವಾಗಿ ಯಾವ ಮಾತನ್ನೂ ಹೇಳಿದವನಲ್ಲ ನಾನು. ಟೇಪು ಬರೆದದ್ದು ನಾನು, ಸುಳ್ಳು ಹೇಳಿದ್ದು ನಾನು, ತೀರಿ ಹೋದ ಆ ಹೆಂಗಸಿನದ್ದು ಒಂದು ಸಾಸಿವೆಯಷ್ಟೂ ತಪ್ಪಿಲ್ಲ ಅಂದೆ.

ಮಾಸ್ಟ್ರು ತಮ್ಮ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು, "ಆ ಅಕ್ಕ ತೀರಿ ಹೋದ್ರಾ?"

"ಹೌದು."

ಅವರು ನನ್ನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು. "ನಿಮ್ಮದು ದೊಡ್ಡ ಮನಸ್ಸು ಮಾರಾಯ್ರೇ. ಸತ್ತವರ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ವ್ಯಾಪಾರಸ್ಥ ಈ ಕಾಲದಲ್ಲಿ ಯಾರಿದ್ದಾರೆ?"

"ಹಾಗಲ್ಲ ಮಾಸ್ಟ್ರೇ. ನಿಜವಾಗಿಯೂ ನಾನೇ..."

"ಇರ್ಲಿ, ಇರ್ಲಿ. ನನಗೆ ಅರ್ಥ ಆಗ್ತದೆ. ನಾನೂ ಅವತ್ತು ಹೆಚ್ಚು ಮಾತಾಡಿದೆ. ಈಗ ಎಲ್ಲ ಮರ್ತುಬಿಡುವ. ಚಾ ತಣಿತದೆ, ಕುಡೀರಿ."

ಮನೆಗೆ ಮುಟ್ಟುವಷ್ಟರಲ್ಲಿ ಆ ಹಳೆಯ ಗುಂಪಿನಲ್ಲಿ ಮಾಸ್ಟ್ರು ಬರೆದಿದ್ದರು, ನನ್ನ ದೊಡ್ಡ ಮನಸ್ಸಿನ ವಿಷಯ. ನಾನು ಅದರ ಕೆಳಗೆ ಬರೆದೆ: ಮಾಸ್ಟ್ರು ಹೇಳಿದ್ದು ಸರಿಯಲ್ಲ, ತಪ್ಪು ಪೂರ್ತಿ ನನ್ನದೇ. ಅದಕ್ಕೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಮತ್ತೊಮ್ಮೆ ಬರೆದೆ. ಮತ್ತಷ್ಟು ಕೈಗಳು. ಆ ವಾರ ನಾರಾವಿ ಕಡೆಯಿಂದ ನನ್ನ ಅಂಗಡಿಗೆ ಹೊಸ ಗಿರಾಕಿಗಳು ಬಂದರು. ಮಾತಿನಲ್ಲಿ ಕಲ್ಲನ್ನೂ ಮಾರಿದವನಿಗೆ ಒಂದು ನಿಜವನ್ನು ದಾಟಿಸಲು ಆಗಲಿಲ್ಲ...

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದುವವರಿಗೆ ನನ್ನದೊಂದು ಬುದ್ಧಿಮಾತು ಎನ್ನಿ, ಬೇಡಿಕೆ ಎನ್ನಿ. ದಯವಿಟ್ಟು ಇದರಲ್ಲಿ ನನ್ನ ಮನಸ್ಸಿನ ಗಾತ್ರ ಹುಡುಕಬೇಡಿ. ನಾರಾವಿಯ ಆ ಊರಿಗೆ ಹೋದದ್ದು ಇಪ್ಪತ್ತು ಮೆಷೀನು. ನಾನು ಮಾಡಿದ್ದು ಹದಿನೈದು, ಅದರಲ್ಲಿ ನಾಲ್ಕು ನಿಂತವು. ಅಕ್ಕ ಮಾಡಿದ್ದು ಐದು. ಆ ಐದರಲ್ಲಿ ಒಂದೂ ನಿಲ್ಲಲಿಲ್ಲ.